ಬಿದಿರಕ್ಕಿಯ ಇತಿಹಾಸವೂ ಅಡವಿಯ ವಿದ್ಯೆಯೂ

ಮನುಷ್ಯನು ಬಿತ್ತದೆ ಬೆಳೆಯುವ ಅನ್ನವೂ ಈ ನಾಡಿನಲ್ಲಿ ಉಂಟೆಂಬದನ್ನು ನಾವು ಮರೆಯುತ್ತಲಿರುವೆವು. ಹೊಲದ ಬದುವಿನ ಸೊಪ್ಪು, ಅಡವಿಯ ಗೆಡ್ಡೆ, ಮಳೆಗಾಲದ ಕಳಲೆ ಇವು ನಮ್ಮ ಹಿರಿಯರಿಗೆ ಆಹಾರವೂ ಔಷಧವೂ ಆಗಿದ್ದವು. ಕ್ರಿ. ಶ. 1025 ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರ, ವೃಕ್ಷಾಯುರ್ವೇದ, ವೈದ್ಯ ಇವು ಒಂದೇ ಗ್ರಂಥದಲ್ಲಿ ಕೂಡಿಬಂದಿರುವವು. ಶರಣರ ಗಣದಲ್ಲಿಯಾದರೂ ವೈದ್ಯ ಸಂಗಣ್ಣನೆಂಬವನು ವೈದ್ಯವೃತ್ತಿಯನ್ನೇ ಕಾಯಕವನ್ನಾಗಿ ಮಾಡಿಕೊಂಡು ವಚನಗಳನ್ನು ರಚಿಸಿದನು. ಇಂಥ ವಿದ್ಯೆಯು ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬದನ್ನು ಬಿದಿರಿನ ಒಂದೇ ದೃಷ್ಟಾಂತದಿಂದ ಭಕ್ತಮಹಾಶಯರ ಮುಂದೆ ಇಡುವೆನು.

ಬಿದಿರು ವರ್ಷಂಪ್ರತಿ ಹೂಬಿಡುವದಿಲ್ಲ. ನಮ್ಮ ಸಹ್ಯಾದ್ರಿಯ ಹೆಬ್ಬಿದಿರು ಸಾಮಾನ್ಯವಾಗಿ 30 ರಿಂದ 50 ವರ್ಷಗಳಿಗೊಮ್ಮೆ ಮೆಳೆಮೆಳೆಯೂ ಒಟ್ಟಿಗೆ ಹೂವಾಗಿ, ಬೀಜವನ್ನು ಉದುರಿಸಿ, ತಾನು ಒಣಗಿ ಸಾಯುವದು. ಆ ಬೀಜವೇ ಬಿದಿರಕ್ಕಿ. ಮೆಳೆಯ ಬುಡವನ್ನು ಮೊದಲೇ ಗುಡಿಸಿ ಹಸನು ಮಾಡಿಟ್ಟು, ಉದುರಿದ ಕಾಳನ್ನು ಬಳಿದು ತಂದು, ಕುಟ್ಟಿ ಹೊಟ್ಟನ್ನು ತೆಗೆದು, ಅನ್ನವನ್ನಾಗಲಿ ರೊಟ್ಟಿಯನ್ನಾಗಲಿ ಮಾಡುವರು.

1864 ನೆಯ ಇಸವಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಸೂಪೆಯ ಅಡವಿಯಲ್ಲಿ ಬಿದಿರು ಹೀಗೆ ಹೂಬಿಟ್ಟಿತು. ಧಾರವಾಡ, ಬೆಳಗಾವಿ ಸೀಮೆಗಳಿಂದ ಅಂದಾಜು 50,000 ಜನರು ಅಲ್ಲಿಗೆ ಹೋದರೆಂದು ಅಂದಿನ ಕಲೆಕ್ಟರರು ಬರೆದಿಟ್ಟಿದ್ದಾರೆ. ಒಂದೊಂದು ಗುಂಪು 10–14 ದಿವಸ ಅಡವಿಯಲ್ಲಿಯೇ ತಂಗಿ, ಮಳೆಗಾಲದ ತಿಂಗಳುಗಳಿಗೆ ಸಾಲುವಷ್ಟು ಕಾಳನ್ನೂ ಮಾರುವದಕ್ಕೆ ಸ್ವಲ್ಪವನ್ನೂ ಒಯ್ಯಿತಂತೆ. ಇವರು ಬಯಲುಸೀಮೆಯ ಜನರೆಂಬದನ್ನು ಗಮನಿಸಬೇಕು. ಇಷ್ಟು ಮಂದಿಗೆ ದಾರಿಯನ್ನು ಹೇಳಿದವರು ಯಾರು? ಹಿಂದಿನ ಹೂವನ್ನು ತಮ್ಮ ಎಳೆವಯಸ್ಸಿನಲ್ಲಿ ಕಂಡು, ನರೆತ ಮೇಲೆ ಮಕ್ಕಳಿಗೆ ತಿಳಿಸಿದ ಮುದುಕರೂ ಮುದುಕಿಯರೂ ಆಗಿರಲೇಬೇಕು. ಜನ್ಮದಲ್ಲಿ ಒಮ್ಮೆ ಇಲ್ಲವೆ ಎರಡು ಸಲ ಮಾತ್ರ ಪ್ರಯೋಜನಕ್ಕೆ ಬರುವ ವಿದ್ಯೆಯನ್ನು ಅಭ್ಯಾಸಬಲದಿಂದ ಉಳಿಸುವದು ಅಶಕ್ಯ. ಬಾಯಿಂದ ಬಾಯಿಗೆ ಬರುವ ಉಪದೇಶವೇ ಅದಕ್ಕೆ ಆಧಾರ.

ಆ ವಿದ್ಯೆಯಲ್ಲಿ ಎಚ್ಚರಿಕೆಯೂ ಸೇರಿತ್ತು. ಎಳೆಯ ಕಳಲೆಯಲ್ಲಿ ವಿಷವಿರುವದರಿಂದ ಅದನ್ನು ಹೆಚ್ಚಿ, ನೀರನ್ನು ದಿನವೂ ಬದಲಿಸುತ್ತ ಎರಡು ಮೂರು ದಿವಸ ನೆನೆಯಿಟ್ಟ ಮೇಲೆಯೇ ಬೇಯಿಸಬೇಕೆಂಬ ಪದ್ಧತಿಯು ಬಹು ಹಿಂದಿನಿಂದ ಬಂದದ್ದು. ಬಿದಿರು ಹೂಬಿಟ್ಟರೆ ಬರವೆಂಬ ನಂಬಿಗೆಯೂ ನಿರಾಧಾರವಲ್ಲ. ಬೀಜವನ್ನು ತಿಂದು ಇಲಿಗಳು ಮಿತಿಮೀರಿ ಹೆಚ್ಚಿ, ಅದು ತೀರಿದ ಬಳಿಕ ಹೊಲಗಳಿಗೆ ನುಗ್ಗುವವು. 1959 ರಲ್ಲಿ ಮಿಜೋ ಬೆಟ್ಟಗಳಲ್ಲಿ ಘೋರಕ್ಷಾಮವಾದದ್ದು ಹೀಗೆಯೇ.

ಸೂಪೆಯ ಆ ಸುಗ್ಗಿಯಾದ ಹನ್ನೆರಡು ವರ್ಷಗಳಿಗೆ 1876–78 ರ ಮಹಾಕ್ಷಾಮವು ಬಂದಿತು. 1871 ರ ಖಾನೇಸುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881 ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಜನರು ಹಸಿದಿದ್ದ ಆ 1878 ರಲ್ಲಿಯೇ ಬ್ರಿಟಿಷ್ ಸರಕಾರವು ಅರಣ್ಯ ಕಾಯಿದೆಯನ್ನು ಮಾಡಿತು. ಕಾದಿಟ್ಟ ಅಡವಿಗಳಲ್ಲಿ ಆಯ್ದು ತರುವದು ಅಪ್ಪಣೆಯಿಲ್ಲದ ಅಪರಾಧವಾಯಿತು. ಅಡವಿಗೆ ಹೋಗದವನ ಮಗನು ಅದರ ಹೆಸರುಗಳನ್ನು ಮರೆತನು. ಸೂಪೆಯ ಹಳೆಯ ಊರೂ ಕಾಳೀನದಿಯ ಜಲಾಶಯದಲ್ಲಿ ಮುಳುಗಿಹೋಯಿತು. 2006 ರ ಅರಣ್ಯಹಕ್ಕುಗಳ ಕಾಯಿದೆಯು ಬಿದಿರನ್ನು ಕಿರು ಅರಣ್ಯೋತ್ಪನ್ನಗಳಲ್ಲಿ ಎಣಿಸಿ, ಅದನ್ನು ಕೂಡಿಸುವ ಹಕ್ಕನ್ನು ಅಡವಿಯ ನಿವಾಸಿಗಳಿಗೆ ಒಪ್ಪಿಸಿದೆ. ಆದರೆ ಹಕ್ಕು ಮರಳಿದಂತೆ ವಿದ್ಯೆಯು ಕಾಯಿದೆಯಿಂದ ಮರಳಲಾರದು.

ಆಯ್ದಕ್ಕಿಯ ಮಾರಯ್ಯನು ಒಂದು ದಿನ ಮಿಕ್ಕಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ಕಳುಹಿಸಿದ ಕಥೆಯನ್ನು ನಾವೆಲ್ಲರೂ ಕೇಳಿರುವೆವು. ತಾಯಿಮೆಳೆಯು ಸತ್ತ ಮೇಲೆ ನೆಲದಲ್ಲಿ ಉಳಿದ ಕಾಳೇ ಮೊದಲ ಮಳೆಗೆ ಮೊಳೆತು ಮುಂದಿನ ಅಡವಿಯಾಗುವದು. ಆದುದರಿಂದ ಆ ಮಹಾತಾಯಿಯ ಮಾತು ಅಡವಿಗೂ ಸಲ್ಲುವದು.

ಗುರುವಿನಿಂದ ಶಿಷ್ಯನಿಗೆ ಅರಿವು ಸಾಗಿಬಂದುದರಿಂದಲೇ ಮಠವೊಂದು ಮಹೋತ್ಸವವನ್ನು ಕಾಣುವದು. ಮನೆಯ ವೃದ್ಧರ ಸೊಪ್ಪುಗೆಡ್ಡೆಗಳ ಅರಿವೂ ಅಂಥದೇ ಒಂದು ಪರಂಪರೆ. ಈ ಉತ್ಸವದಿಂದ ಊರಿಗೆ ಮರಳಿದ ಮೇಲೆ ಪ್ರತಿಯೊಬ್ಬ ಭಕ್ತನೂ ತನ್ನ ಮನೆಯ ಹಿರಿಯರ ಬಳಿಯಲ್ಲಿ ಕುಳಿತು, ಯಾವುದು ತಿನ್ನತಕ್ಕದ್ದು, ಯಾವುದು ತಿನ್ನತಕ್ಕದ್ದಲ್ಲ ಎಂಬದನ್ನು ಕೇಳಿ ಬರೆದಿಡಲಿ. ಬಿದಿರು ಮತ್ತೊಮ್ಮೆ ಹೂಬಿಡುವಾಗ ಆ ಹಿರಿಯರು ಇರಲಾರರು.