ಕುಂಕುಮದ ಭರಣಿ

ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ದಾರಿಯ ಚನ್ನಪಟ್ಟಣದಲ್ಲಿ ಕುಂಕುಮದ ಭರಣಿಗೆ ಕುಂಚ ಹಿಡಿದು ಬಣ್ಣ ಬಳಿಯುವುದಿಲ್ಲ. ಒಣಗಿದ ಹಾಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆದು, ತಿರುಗುವ ಮೈಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೇದಗೆಯ ಗರಿ ಒತ್ತಿದಾಗ ಅದು ಸಮನಾಗಿ ಹರಡಿ ಹೊಳೆಯುತ್ತದೆ.

ಈ ಕಸುಬು ಕಲಿಸಲು ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಜನಜನಿತ ಮಾತು. ಆದರೆ 1799ರಲ್ಲಿ ಅವನ ಶ್ರೀರಂಗಪಟ್ಟಣ ಬಿತ್ತು, ಕಸುಬು ಬೀಳಲಿಲ್ಲ. ನನಗೆ ರಾಜನಿಗಿಂತ ಬಾವಾಸ್ ಮಿಯಾ ಮುಖ್ಯರೆನಿಸುತ್ತಾರೆ: ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ವಿಧಾನಗಳನ್ನು ಇಲ್ಲಿಗೆ ತಂದವರು ಅವರೇ. ಹಳೆಯ ಕಮಾನಿನ ಲೇತಿನಲ್ಲಿ ಮರ ಹಿಂದೆ ಮುಂದೆ ತಿರುಗುತ್ತಿತ್ತು. ಉಳಿ ಕಡೆಯುತ್ತಿದ್ದದ್ದು ಒಂದು ಸುತ್ತಿಗೆ ಮಾತ್ರ. ವಿದ್ಯುತ್ ಲೇತು ಒಂದೇ ದಿಕ್ಕಿಗೆ, ನಿಲ್ಲದೆ ತಿರುಗುತ್ತದೆ. ಅರಗಿನ ಕಡ್ಡಿ ಹಿಡಿಯುವುದು ಇನ್ನೂ ಕೈಯೇ.