ಮೈನಸ್ ನಿಮಿಷಗಳು

ಏಪ್ರಿಲ್ ತಿಂಗಳ ಕಲಬುರಗಿ. ಮಧ್ಯಾಹ್ನದ ನೆರಳಿನಲ್ಲೇ 40 ಡಿಗ್ರಿ. ಬದುಕಿರುವ ಮನುಷ್ಯನ ಮೈ 37. ಅಂಥ ಹೊತ್ತಿನಲ್ಲಿ ಬಯಲಲ್ಲಿ ಬಿದ್ದ ಹೆಣ ತಣ್ಣಗಾಗುವುದಾದರೂ ಹೇಗೆ? ಮೈಬಿಸಿ ನೋಡಿ ಸಾವಿನ ಹೊತ್ತನ್ನು ಲೆಕ್ಕ ಹಾಕುವ ವಿಧಾನದ ಬಗ್ಗೆ ಓದುತ್ತಿದ್ದಾಗ ಎದ್ದ ಈ ಪ್ರಶ್ನೆ, ಹಳೆಯ ಪುಸ್ತಕಗಳಿಂದ ಹಿಡಿದು ಒಂದು ಬೃಹತ್ ಅಂಕಿಪಟ್ಟಿಯವರೆಗೆ ನನ್ನನ್ನು ಎಳೆದುಕೊಂಡು ಹೋಯಿತು.

ಮೊದಲು ಸಿಕ್ಕವರು ಜಾನ್ ಡೇವಿ. ಬ್ರಿಟಿಷ್ ಸೈನ್ಯದ ವೈದ್ಯರಾಗಿದ್ದ ಅವರು ಮಾಲ್ಟಾ ದ್ವೀಪದಲ್ಲಿ ಸತ್ತ ಸೈನಿಕರ ಮೈಬಿಸಿಯನ್ನು ಥರ್ಮಾಮೀಟರಿನಲ್ಲಿ ಅಳೆದರು. 1839ರಲ್ಲಿ ಆ ಅಳತೆಗಳು ಪುಸ್ತಕವಾಗಿ ಬಂದವು. ಅಲ್ಲಿಂದ ಒಂದೂವರೆ ಶತಮಾನ ದಾಟಿದರೆ ಜರ್ಮನಿಯ ಕ್ಲಾಸ್ ಹೆನ್ಸ್‌ಗೆ ಎಂಬವರು ಸಿಗುತ್ತಾರೆ. ದೇಹದ ತೂಕ, ಸುತ್ತಲಿನ ತಾಪ, ಮೈಮೇಲಿನ ಬಟ್ಟೆ ಎಲ್ಲವನ್ನೂ ಹಿಡಿದ ಅವರ ನಕ್ಷೆ 1988ರಿಂದ ಶವಪರೀಕ್ಷೆಯವರ ಕೈಪಿಡಿ. ಎಲ್ಲ ಅನುಕೂಲವಾಗಿದ್ದರೂ ಉತ್ತರ 2.8 ಗಂಟೆ ಹಿಂದೆ ಮುಂದೆ ಆಗಬಹುದು. ಗಾಳಿಯೇ ಮೈಗಿಂತ ಬಿಸಿಯಾಗಿದ್ದರಂತೂ ಆ ನಕ್ಷೆ ಮಡಿಚಿಡಬೇಕಾದದ್ದೇ.

ಬಿಸಿ ಬಿಟ್ಟರೆ ಹೊತ್ತು ಹೇಳುವಂಥದ್ದು ಇನ್ನೇನಿದೆ? ಸಂಶೋಧನಾ ಲೇಖನಗಳ ಜಾಡು ಆರ್‌ಎನ್‌ಎ ಕಡೆಗೆ ತಿರುಗಿತು.

ಡಿಎನ್‌ಎ ಜೀವಕೋಶದ ಮೂಲ ದಾಖಲೆಯಾದರೆ, ಆರ್‌ಎನ್‌ಎ ಆ ಹೊತ್ತಿನ ಕೆಲಸಕ್ಕೆ ನಕಲು ಮಾಡಿಕೊಂಡ ಚೀಟಿ. ಕೆಲಸ ತೀರಿದ ಚೀಟಿಯನ್ನು ಹರಿದುಹಾಕಲು ಆರ್‌ಎನ್‌ಏಸ್ ಎಂಬ ಕಿಣ್ವಗಳಿವೆ. ಇವುಗಳಲ್ಲಿ ಕೆಲವು ಕುದಿಸಿದರೂ ಜಗ್ಗುವುದಿಲ್ಲ. ನಮ್ಮ ಬೆರಳ ತುದಿಯಲ್ಲೂ ಇರುತ್ತವೆ. ಲ್ಯಾಬಿನಲ್ಲಿ ಕೈಗವಸಿಲ್ಲದೆ ಆರ್‌ಎನ್‌ಎ ಮುಟ್ಟುವವರಿಲ್ಲ. ಮಾದರಿ ಎಷ್ಟು ಕೆಟ್ಟಿದೆ ಎಂದು ಹೇಳಲು 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿಯೂ ಇದೆ. ಅಂಕ ಕಡಿಮೆ ಬಂದರೆ ಮಾದರಿ ಕಸದ ಬುಟ್ಟಿಗೆ.

ಆ ಕಸದಲ್ಲೇ ರಸವಿರಬಹುದೆಂದು ಹುಡುಕಿದವರಲ್ಲಿ ಜರ್ಮನಿಯ ಮಾರ್ಟಿನ್ ಬಾವರ್ ಒಬ್ಬರು. ಕೊಬ್ಬಿನಾಮ್ಲ ತಯಾರಿಸುವ ಕಿಣ್ವದ ಆರ್‌ಎನ್‌ಎ ರಕ್ತದಲ್ಲಿ ಹೇಗೆ ಚೂರಾಗುತ್ತದೆ ಎಂದು ಅವರ ತಂಡ ಅಳೆಯಿತು. 2003ರ ಅವರ ಲೇಖನದ ಪ್ರಕಾರ, ಸುಮಾರು ಐದು ದಿನಗಳವರೆಗೆ ಆ ಕೆಡುವಿಕೆಗೂ ಕಳೆದ ಸಮಯಕ್ಕೂ ಲೆಕ್ಕ ಕೂಡುತ್ತಿತ್ತು.

ಸರಿ, ಮುಗಿಯಿತು ಅಂದುಕೊಂಡೆ. 2017ರ ಒಂದು ಲೇಖನ ತಲೆ ಕೆಡಿಸಿತು. ಅಮೆರಿಕದ ಪೀಟರ್ ನೋಬಲ್, ಅಲೆಕ್ಸ್ ಪೊಜಿಟ್ಕೊವ್ ತಂಡ ಸತ್ತ ಜೀಬ್ರಾಮೀನು ಮತ್ತು ಇಲಿಗಳನ್ನು ಬೇರೆ ಬೇರೆ ಹೊತ್ತಿಗೆ ಪರೀಕ್ಷಿಸಿತ್ತು. ಎಲ್ಲ ಚೀಟಿಗಳೂ ಕಡಿಮೆಯಾಗಬೇಕಿತ್ತಲ್ಲ? ಆದರೆ ಎರಡೂ ಪ್ರಾಣಿಗಳಲ್ಲಿ ಸೇರಿ 1,063 ಜೀನುಗಳ ಆರ್‌ಎನ್‌ಎ ಸಾವಿನ ನಂತರ ಹೆಚ್ಚಾಗಿತ್ತು. ಉಸಿರು ನಿಂತ ಕ್ಷಣಕ್ಕೇ ಜೀವಕೋಶಗಳೆಲ್ಲ ಒಟ್ಟಿಗೆ ಸಾಯುವುದಿಲ್ಲ. ಉಳಿದವು ಒತ್ತಡಕ್ಕೆ ಸಿಕ್ಕಿ ಹೊಸ ಚೀಟಿ ಬರೆಯುತ್ತಲೇ ಇರುತ್ತವೆ. ಕೆಡುವುದೊಂದನ್ನೇ ಅಳೆದರೆ ಸಾಲದು, ಏರುವುದನ್ನೂ ಇಳಿಯುವುದನ್ನೂ ಜೊತೆಗಿಟ್ಟು ನೋಡಬೇಕು.

ಹಾಗೆ ನೋಡಲು ಮನುಷ್ಯರ ಮಾದರಿ ಬೇಕು, ಸತ್ತ ಹೊತ್ತೂ ಗೊತ್ತಿರಬೇಕು. ಎರಡೂ ಇದ್ದ ಜಾಗ ಅಮೆರಿಕದ ಜಿಟೆಕ್ಸ್ ಯೋಜನೆ. ಯಾವ ಅಂಗದಲ್ಲಿ ಯಾವ ಜೀನು ಕೆಲಸ ಮಾಡುತ್ತದೆ ಎಂದು ತಿಳಿಯಲು 2010ರಲ್ಲಿ ಶುರುವಾದದ್ದು. ಸಾವಿನ ಹೊತ್ತಿನ ಗೊಡವೆ ಅದಕ್ಕಿರಲಿಲ್ಲ. ಆದರೆ ಪ್ರತಿ ಮಾದರಿಯ ಮುಂದೆ ಒಂದು ಕಾಲಂ ಇತ್ತು: ಸಾವಿನಿಂದ ಅಂಗಾಂಶವನ್ನು ಕೆಡದಂತೆ ಕಾಪಿಡುವವರೆಗಿನ ನಿಮಿಷಗಳು. ಅಂಕಿಗಳಿಂದ ಕಳೆದುಹಾಕಬೇಕಾದ ದೋಷವೆಂದೇ ಅದನ್ನು ಬರೆದಿಟ್ಟಿದ್ದರು. ಪೋರ್ಟೊದ ಪೆಡ್ರೊ ಫೆರೇರಾ, ಬಾರ್ಸಿಲೋನಾದ ರೊಡೆರಿಕ್ ಗಿಗೊ ತಂಡ ಆ ದೋಷವನ್ನೇ ಪ್ರಶ್ನೆಯಾಗಿಸಿತು. ಜೀನುಗಳನ್ನು ಓದಿ ಆ ನಿಮಿಷಗಳನ್ನು ಹೇಳಲಾದೀತೇ? 2018ರಲ್ಲಿ ಬಂದ ಉತ್ತರ: ಆದೀತು. ಸ್ನಾಯು ಬೇಗ ಬದಲಾಗುತ್ತದೆ. ಮಿದುಳು, ಗುಲ್ಮ ಅಷ್ಟು ಸುಲಭಕ್ಕೆ ಅಲುಗಾಡುವುದಿಲ್ಲ. ಚರ್ಮದಡಿಯ ಕೊಬ್ಬು, ಶ್ವಾಸಕೋಶ, ಥೈರಾಯ್ಡ್, ಬಿಸಿಲು ಕಂಡ ಚರ್ಮ, ಈ ನಾಲ್ಕನ್ನು ಕೂಡಿಸಿ ಓದಿದರೆ ಅಂದಾಜು ಚೆನ್ನಾಗಿ ಹೊಂದುತ್ತದೆ.

ಆ ಕಾಲಂ ನೋಡದೆ ಮನಸ್ಸು ನಿಲ್ಲಲಿಲ್ಲ. ಮಾದರಿಗಳ ವಿವರಪಟ್ಟಿ ಎಲ್ಲರಿಗೂ ಮುಕ್ತ. ಇಳಿಸಿಕೊಂಡು ತೆರೆದೆ. ನೂರಾರು ನಿಮಿಷಗಳ ಸಾಲು. ರಕ್ತದ ಮಾದರಿಗಳಿಗೆ ಬಂದಾಗ ಕೆಲವು ಅಂಕಿಗಳ ಹಿಂದೆ ಮೈನಸ್ ಗುರುತು. ಅಚ್ಚಿನ ತಪ್ಪಿರಬೇಕು ಅನ್ನಿಸಿತು. ತಪ್ಪಲ್ಲ; ಆ ರಕ್ತ ತೆಗೆದಾಗ ಆ ಮನುಷ್ಯ ಇನ್ನೂ ಸತ್ತಿರಲಿಲ್ಲ. ಬೆರಳು ಸ್ವಲ್ಪ ಹೊತ್ತು ಆ ಸಾಲಿನ ಮೇಲೇ ನಿಂತಿತು.

ಹಾಗಾದರೆ ಸೊನ್ನೆ ಎಲ್ಲಿದೆ? ಕಾಲಂನ ವ್ಯಾಖ್ಯೆ ಹುಡುಕಿದೆ. ಎಣಿಕೆ ಶುರುವಾಗುವುದು ನಿಜವಾದ ಸಾವಿನಿಂದ, ಇಲ್ಲವೇ ಊಹಿಸಿದ ಸಾವಿನಿಂದ, ಇಲ್ಲವೇ ಅಂಗದಾನದ ಶಸ್ತ್ರಕ್ರಿಯೆಯಲ್ಲಿ ರಕ್ತನಾಳಕ್ಕೆ ಕ್ಲ್ಯಾಂಪ್ ಹಾಕಿದ ಕ್ಷಣದಿಂದ. ಸಾವಿನ ಹೊತ್ತನ್ನು ಊಹಿಸಲು ಕಟ್ಟಿದ ಗಡಿಯಾರದ ಕೆಲವು ಸೊನ್ನೆಗಳೇ ಊಹೆ! ಜೀನುಗಳನ್ನು ಎಷ್ಟೇ ನಿಖರವಾಗಿ ಓದಲಿ, ಯಾರೋ ರಿಜಿಸ್ಟರಿನಲ್ಲಿ ಬರೆದ ಹೊತ್ತಿಗಿಂತ ಆ ಗಡಿಯಾರ ಹೆಚ್ಚು ಸರಿಯಾಗಲಾರದು.

ಕಲಬುರಗಿಯ ಪ್ರಶ್ನೆಯೂ ಹಾಗೇ ಉಳಿಯಿತು. ಚೀಟಿ ಹರಿಯುವ ಆ ಕಿಣ್ವಗಳೂ ಬಿಸಿಗೆ ಚುರುಕಾಗುವಂಥವೇ; ಅಮೆರಿಕದ ಮಾದರಿಗಳಿಂದ ಹೊಂದಿಸಿದ ಗಡಿಯಾರ ಇಲ್ಲಿನ ಬಯಲಲ್ಲಿ ಮುಂದೋಡೀತು. ಅದನ್ನು ಸರಿಪಡಿಸಲು ಬೇಕಾದದ್ದು ಮೊದಲು ಯಂತ್ರವಲ್ಲ. ಸತ್ತ ನಿಮಿಷ ಇಷ್ಟು, ಆಗಿನ ಬಿಸಿಲು ಇಷ್ಟು, ಈ ಹೊತ್ತು ಕಂಡದ್ದೋ ಊಹಿಸಿದ್ದೋ ಎಂದು ಇಲ್ಲಿನ ರಿಜಿಸ್ಟರಿನಲ್ಲಿ ಪ್ರಾಮಾಣಿಕವಾಗಿ ಬರೆದ ಮೂರು ಕಾಲಂ.