ಮಾವನ ಬಾವಿ ನಕ್ಷೆಯಲ್ಲಿತ್ತು



ನನ್ನ ಸೋದರಮಾವ 1968ರಲ್ಲಿ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಇಳಿದವರು. "ಸ್ಟೇಷನ್ನಿನಿಂದ ನಮ್ಮ ಚಾಳಿಗೆ ಗದ್ದೆ ಬದುವಿನ ಮೇಲೆ ಎರಡು ಮೈಲಿ. ಚಾಳಿನ ಹಿಂದೆ ಕಲ್ಲು ಕಟ್ಟಿದ ಬಾವಿ. ಆಗ್ರಿ ಅಜ್ಜಿಯೊಬ್ಬರು ನಮಗೆ ನೀರು ಸೇದಲು ಬಿಡುತ್ತಿದ್ದರು" ಎಂದು ಎಷ್ಟು ಸಲ ಹೇಳಿದ್ದಾರೋ! ಚಾಳು ಕೆಡವಿ ಕಟ್ಟಡ ಎದ್ದ ಮೇಲೆ ಹುಟ್ಟಿದ ನಾವು ನಗುತ್ತಿದ್ದೆವು. ಅಲ್ಲಿ ಬಾವಿಯೂ ಇಲ್ಲ, ಗದ್ದೆಯೂ ಇಲ್ಲ. ಮಾವನಿಗೆ ವಯಸ್ಸಾಯಿತು ಎಂದುಕೊಂಡೆವು. ಕ್ರಮೇಣ ಅವರೂ ಹೇಳುವುದನ್ನು ನಿಲ್ಲಿಸಿದರು.

ಕಾರ್ಯಕ್ರಮವೊಂದಕ್ಕೆ ಮಾಹಿತಿ ಹುಡುಕುವಾಗ ಸರ್ವೆ ಆಫ್ ಇಂಡಿಯಾದ ಹಳೆಯ ಭೂಪಟವೊಂದರ ಪ್ರತಿ ಕೈಗೆ ಬಂತು. 1767ರಲ್ಲಿ ಆರಂಭವಾದ ಈ ಸಂಸ್ಥೆ ದೇಶವನ್ನೆಲ್ಲ ಅಳೆದು ಹಾಳೆ ಹಾಳೆಯಾಗಿ ಬಿಡಿಸಿದೆ. ಹಳೆಯ ಹಾಳೆಗಳಲ್ಲಿ ಒಂದು ಇಂಚು ಎಂದರೆ ನೆಲದ ಮೇಲೆ ಒಂದು ಮೈಲಿ. ನಂತರದವುಗಳಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಗುಡ್ಡದ ಏರಿಳಿತಕ್ಕೆ ಕಂದು ಗೆರೆ, ನೀರಿಗೆ ನೀಲಿ, ಸಾಗುವಳಿಗೆ ಹಳದಿ, ಕಾಡಿಗೆ ಹಸಿರು, ರೈಲಿಗೆ ಕಪ್ಪು. ಥಾಣೆ ಇರುವುದು 47ಎ/16ರಲ್ಲಿ. ಮುಂಬ್ರಾಕ್ಕೆ ಮೊದಲೇ 73ನೇ ರೇಖಾಂಶ ದಾಟುವುದರಿಂದ ಡೊಂಬಿವಲಿ, ಕಲ್ಯಾಣ್, ನೆರೂಳ್, ಬೇಲಾಪುರಗಳು 47ಇ/4ರಲ್ಲಿವೆ.

ಆ ಹಾಳೆಯಲ್ಲಿ ಡೊಂಬಿವಲಿ ಒಂದು ಪುಟ್ಟ ಹಳ್ಳಿ. ಸುತ್ತ ಹಳದಿ. ಸ್ಟೇಷನ್ನಿನಿಂದ ಹೊರಟ ಕಾಲುದಾರಿಯ ತುಂಡುಗೆರೆ. ಅದರ ಕೊನೆಯ ಹತ್ತಿರ ಸಾಸಿವೆಯಷ್ಟು ನೀಲಿ ಉಂಗುರ. ಬಾವಿ! ಸ್ಕೇಲು ಇಟ್ಟು ಅಳೆದೆ. ದಾರಿ ಒಂದು ಇಂಚಿಗೂ ಕಡಿಮೆ. "ಮಾವ, ಎರಡು ಮೈಲಿ ಅಲ್ಲ, ಒಂದೇ" ಎಂದೆ. "ನಕ್ಷೆ ಮಾಡಿದವನ ತಲೆ ಮೇಲೆ ಟ್ರಂಕು ಇತ್ತಾ ಮಾರಾಯ್ತಿ?" ಎಂದರು. ಆಮೇಲೆ ಬೆರಳಿನಿಂದ ಆ ಉಂಗುರವನ್ನು ಮುಟ್ಟಿ ತುಂಬ ಹೊತ್ತು ಸುಮ್ಮನಿದ್ದರು.

ಹಳೆಯ ನಕ್ಷೆ ಸಿಕ್ಕರೆ ಮೊದಲು ಅಂಚಿನಲ್ಲಿ ಸರ್ವೆ ನಡೆದ ವರ್ಷ ನೋಡಿ. ಅಚ್ಚಾದ ವರ್ಷ ಬೇರೆ ಇರುತ್ತದೆ. ಅಂಚು ಹರಿದಿದ್ದರೆ ನಕ್ಷೆಯಲ್ಲಿ ಏನಿಲ್ಲ ಎಂಬುದೇ ಸುಳಿವು. 1853ರಲ್ಲಿ ಥಾಣೆಗೂ ಮರುವರ್ಷ ಕಲ್ಯಾಣಕ್ಕೂ ಬಂದ ರೈಲು ಪಾರಸಿಕ್ ಗುಡ್ಡವನ್ನು ಸುತ್ತಿ ಹೋಗುತ್ತಿತ್ತು. ಸುಮಾರು 1.3 ಕಿಲೋಮೀಟರ್ ಉದ್ದದ ಸುರಂಗ ತೆರೆದದ್ದು 1916ರಲ್ಲಿ. ಸುರಂಗವಿಲ್ಲದಿದ್ದರೆ ಸರ್ವೆ ಅದಕ್ಕೂ ಹಿಂದಿನದು. ಕಲ್ಯಾಣದ ಪಕ್ಕದ ಸೈನಿಕ ಶಿಬಿರದಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆಸಿದರು. ಅದಕ್ಕೆ ಉಲ್ಹಾಸನಗರ ಎಂದು ಹೆಸರಾದದ್ದು 1949ರಲ್ಲಿ. ವಾಶಿಗೆ ಖಾಡಿ ದಾಟಿ ಲೋಕಲ್ ರೈಲು ಬಂದದ್ದು 1992ರಲ್ಲಿ.

ನವಿಮುಂಬಯಿಯ ಕೇಳುಗರು ಹಳೆಯ ಹಾಳೆಯಲ್ಲಿ ತಮ್ಮ ಸೆಕ್ಟರ್ ಹುಡುಕಿದರೆ ಸಿಗದು. ತುರ್ಭೆ, ಸಾನ್‌ಪಾಡಾ, ಘಣಸೋಲಿ, ಐರೋಲಿ ಎಂಬ ಹಳ್ಳಿಗಳು ಮಾತ್ರ ಸಿಗುತ್ತವೆ. 1970ರಲ್ಲಿ ಸಿಡ್ಕೋ ಹುಟ್ಟಿದ ಮೇಲೆ 95 ಹಳ್ಳಿಗಳ ನೆಲದಲ್ಲಿ ಹೊಸ ಊರು ಎದ್ದಿತು. ಭೂಮಿ ಕಳೆದುಕೊಂಡವರ ಪರವಾಗಿ ದಿ.ಬಾ. ಪಾಟೀಲರ ನಾಯಕತ್ವದಲ್ಲಿ ನಡೆದ ಹೋರಾಟದಲ್ಲಿ, 1984ರ ಜನವರಿಯಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಹಳೆಯ ಹಾಳೆಯಲ್ಲಿ ಕಂದು ಗೆರೆಗಳ ಸುತ್ತಾಗಿ ಕಾಣುವ ಉಲ್ವೆ ಗುಡ್ಡವನ್ನು ವಿಮಾನ ನಿಲ್ದಾಣಕ್ಕಾಗಿ ಕಡಿದು ಸಮ ಮಾಡಲಾಗಿದೆ. ಉಲ್ವೆ ನದಿಯ ಹರಿವೂ ಬದಲಾಗಿದೆ. ನಮ್ಮ ಫ್ಲ್ಯಾಟಿನ ಚರಿತ್ರೆ ನಾವು ಕೀಲಿಕೈ ಪಡೆದ ದಿನದಿಂದ ಶುರುವಾಗುವುದಿಲ್ಲ ಎಂಬುದು ನಕ್ಷೆ ಬಿಡಿಸಿದಾಗ ಅರಿವಾಗುತ್ತದೆ.

ಗದ್ದೆ ಯಾರದು ಎಂದು ಇಂಥ ನಕ್ಷೆ ಹೇಳುವುದಿಲ್ಲ. ಅದಕ್ಕೆ ಇಲ್ಲಿ ತಲಾಠಿ ಕಚೇರಿಯ ಸಾತ್-ಬಾರಾ, ನಮ್ಮೂರಲ್ಲಾದರೆ ಪಹಣಿ ನೋಡಬೇಕು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ಮನೆತನದ ಕಥೆ ಮುಂದೆ ಸಾಗುತ್ತದೆ. ಊರಿನ ಹಾಳೆಗೂ ಇದೇ ದಾರಿ. ಉಡುಪಿ 48ಕೆ, ವಿಜಯಪುರ 47ಪಿ. 2005ರ ರಾಷ್ಟ್ರೀಯ ನಕ್ಷಾ ನೀತಿಗೆ ಮೊದಲು ಕರಾವಳಿಯ ಇಂಥ ಹಾಳೆಗಳು ಸಾಮಾನ್ಯರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಆ ನಂತರದ ಮುಕ್ತ ಸರಣಿಯ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾದ ಜಾಲತಾಣದಿಂದ ಪಡೆಯಬಹುದು. ಅವುಗಳ ಸಂಖ್ಯೆ ಮಾತ್ರ ಬೇರೆ. ಹಳೆಯ ನಕ್ಷೆಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲೂ ಇವೆ.

ಮಾವನ ಪ್ರತಿಯಲ್ಲಿ ಈಗ ಆ ನೀಲಿ ಉಂಗುರದ ಪಕ್ಕ ಪೆನ್ಸಿಲ್ಲಿನಲ್ಲಿ "ಅಜ್ಜಿಯ ಬಾವಿ" ಎಂದು ಬರೆದಿದೆ. ಅಜ್ಜಿಯ ಹೆಸರು ಅವರಿಗೂ ನೆನಪಿಲ್ಲ. ಐದು ವರ್ಷ ಮೊದಲೇ ಕೇಳಿದ್ದರೆ ನೆನಪಿರುತ್ತಿತ್ತೋ ಏನೋ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಈ ಭಾನುವಾರವೇ ನಕ್ಷೆ ಹರಡಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಬರೆದಿಟ್ಟು, ನಮಗೂ ಒಂದು ಪತ್ರ ಹಾಕಿ. ಮತ್ತೆ ಸಿಗೋಣ.